ತುಮಕೂರು ರೋಡಿನ ಭಾಗವತರು

ನಮ್ಮ ಮನೆ ನಾಗಸಂದ್ರದಲ್ಲಿ. ರಾತ್ರಿ ಸೀರಿಯಲ್ ಶುರು ಆದ್ರೆ ಅಜ್ಜಿ ರಿಮೋಟ್ ಯಾರಿಗೂ ಕೊಡಲ್ಲ. ಒಂದು ದಿನ ಸೀರಿಯಲ್ ಹೀರೋ ತಾನೇ ಹಾಡಿದ ಅಂತ ನಾನು ಆಶ್ಚರ್ಯಪಟ್ಟೆ. ಅಜ್ಜಿ ನಕ್ಕುಬಿಟ್ಟರು. ಹಿಂದೆ ಹಾಡೋಕೆ ಬರದವರಿಗೆ ಹೀರೋ ಪಾರ್ಟೇ ಸಿಗ್ತಿರಲಿಲ್ಲವಂತೆ. ನೆಲಮಂಗಲದ ಕಡೆಯ ಹೊನ್ನಪ್ಪ ಭಾಗವತರ್ ಗೊತ್ತಾ ಅಂತ ಕೇಳಿದರು. ನಂಗೆ ಗೊತ್ತಿರಲಿಲ್ಲ. ಹತ್ತನೇ ಕ್ಲಾಸ್‌ವರೆಗೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು ನಾನು, ಹಳೇ ಸಿನಿಮಾ ಅಂದ್ರೆ ಅಣ್ಣಾವ್ರಿಂದಲೇ ಶುರು ಅಂದುಕೊಂಡಿದ್ದೆ. ಆಮೇಲೆ ಹುಡುಕಿ ಓದಿದ್ದನ್ನು ಇಲ್ಲಿ ಬರೀತಿದ್ದೇನೆ.

ಹೊನ್ನಪ್ಪನವರು ಹುಟ್ಟಿದ್ದು 1915ರಲ್ಲಿ, ನೆಲಮಂಗಲ ತಾಲ್ಲೂಕಿನ ಚೌಡಸಂದ್ರದಲ್ಲಿ. ನಮ್ಮ ಮೆಟ್ರೋ ಸ್ಟೇಷನ್ ಮುಂದಿನ ತುಮಕೂರು ರೋಡಿನಲ್ಲೇ ಹೋದರೆ ನೆಲಮಂಗಲ ಸಿಗುತ್ತೆ. ಅದೇ ದಾರೀಲಿ ತುಮಕೂರು ದಾಟಿ ಮುಂದೆ ಹೋದ್ರೆ ಗುಬ್ಬಿ. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ಊರು. ಚೌಡಸಂದ್ರದ ಈ ಹುಡುಗ ಸಂಗೀತ ಕಲಿತು ಸೇರಿದ್ದು ಅದೇ ಕಂಪನಿಗೆ.

ಕಂಪನಿ ನಾಟಕದಲ್ಲಿ ನಟ ಬೇರೆ, ಗಾಯಕ ಬೇರೆ ಅನ್ನೋ ಮಾತೇ ಇರಲಿಲ್ಲ. ಪಾತ್ರಧಾರಿಯೇ ಹಾಡಬೇಕು, ಕೊನೇ ಸಾಲಿನವರಿಗೂ ಕೇಳಿಸಬೇಕು. ಚೆನ್ನಾಗಿದ್ರೆ ಜನ ವನ್ಸ್ ಮೋರ್ ಅಂತ ಕೂಗೋರು, ಮತ್ತೆ ಹಾಡಬೇಕು. ಭಾಗವತರ್ ಅನ್ನೋದು ಅಂಥ ಹಾಡುಗಾರಿಕೆಗೆ ಅಂಟಿಕೊಂಡ ಬಿರುದು.

ಟಾಕಿ ಸಿನಿಮಾ ಬಂದಾಗಲೂ ಮೊದಮೊದಲು ಇದೇ ಪದ್ಧತಿ. ಕನ್ನಡದ ಮೊದಲ ಟಾಕಿ ಸತಿ ಸುಲೋಚನಾ ಬಂದಿದ್ದು 1934ರಲ್ಲಿ. ಆಗ ಕ್ಯಾಮೆರಾ ಓಡುತ್ತಿರುವಾಗಲೇ ನಟ ಹಾಡಬೇಕಿತ್ತು, ವಾದ್ಯದವರು ಫ್ರೇಮಿನ ಹೊರಗೆ ಕೂತು ನುಡಿಸಬೇಕಿತ್ತು. ಒಬ್ಬರು ತಪ್ಪಿದ್ರೆ ಇಡೀ ಶಾಟ್ ಮತ್ತೆ ಮೊದಲಿಂದ. ಎಡಿಟ್ ಮಾಡಿ ಸರಿ ಮಾಡೋ ಸಾಫ್ಟ್‌ವೇರ್ ಎಲ್ಲಿಂದ ಬರಬೇಕು?

ಹೊನ್ನಪ್ಪನವರ ಸಿನಿಮಾ ಜೀವನ ಮೊದಲು ಬೆಳೆದಿದ್ದು ತಮಿಳಲ್ಲಿ. ಆಗ ಅಲ್ಲಿನ ದೊಡ್ಡ ಸ್ಟಾರ್ ಎಂ.ಕೆ. ತ್ಯಾಗರಾಜ ಭಾಗವತರ್. ಅವರ ಅಂಬಿಕಾಪತಿ (1937) ಚಿತ್ರದಲ್ಲಿ ಹೊನ್ನಪ್ಪನವರು ಒಂದು ಪಾತ್ರ ಮಾಡಿದ್ದರು. 1944ರ ಕೊನೆಯಲ್ಲಿ ತ್ಯಾಗರಾಜ ಭಾಗವತರ್ ಒಂದು ಕೊಲೆ ಕೇಸಿನಲ್ಲಿ ಅರೆಸ್ಟ್ ಆದರು (ಮುಂದೆ 1947ರಲ್ಲಿ ಖುಲಾಸೆಯಾದರು). ಅವರಿಗೆಂದಿದ್ದ ಶ್ರೀ ಮುರುಗನ್ (1946) ಚಿತ್ರದ ನಾಯಕನ ಪಾತ್ರ ಹೊನ್ನಪ್ಪನವರಿಗೆ ಬಂತು. ಆ ಚಿತ್ರದಲ್ಲಿ ಶಿವನ ಪಾತ್ರ ಮಾಡಿದವರು ಮುಂದೆ ಮುಖ್ಯಮಂತ್ರಿಯಾದ ಎಂ.ಜಿ.ಆರ್. ಬರ್ಮಾ ರಾಣಿಯಲ್ಲೂ ಹೊನ್ನಪ್ಪನವರೇ ಹೀರೋ. ನಮ್ಮ ಪಕ್ಕದೂರಿನವರು ಮದ್ರಾಸಿನಲ್ಲಿ ಇಷ್ಟು ದೊಡ್ಡ ಹೆಸರು ಮಾಡಿದ್ದರು ಅಂತ ಓದಿದಾಗ ನಿಜಕ್ಕೂ ನಂಬೋಕಾಗಲಿಲ್ಲ.

ಅವರು ಕನ್ನಡವನ್ನು ಬಿಟ್ಟಿರಲಿಲ್ಲ. ಗುಬ್ಬಿ ಕಂಪನಿಯವರ ಸುಭದ್ರಾ (1941), ಆಮೇಲೆ ಹೇಮರೆಡ್ಡಿ ಮಲ್ಲಮ್ಮ (1946) ಮಾಡಿದರು. ನನಗೆ ತುಂಬಾ ಇಷ್ಟವಾದ ಭಾಗ 1955ರದ್ದು. ಆ ವರ್ಷ ಅವರು ತಾವೇ ನಿರ್ಮಾಪಕರಾಗಿ ಮಹಾಕವಿ ಕಾಳಿದಾಸ ತೆಗೆದರು. ನಿರ್ದೇಶನ ಕು.ರಾ. ಸೀತಾರಾಮಶಾಸ್ತ್ರಿ ಅವರದು, ಕಾಳಿದಾಸನಾಗಿ ಹೊನ್ನಪ್ಪನವರು. ಕನ್ನಡಕ್ಕೆ ಆಗ ಮಾರುಕಟ್ಟೆಯೇ ಚಿಕ್ಕದು, ವರ್ಷಕ್ಕೆ ಬರ್ತಿದ್ದ ಚಿತ್ರಗಳು ಬೆರಳೆಣಿಕೆಯಷ್ಟು. ದುಡ್ಡೇ ಮುಖ್ಯ ಅಂದುಕೊಂಡಿದ್ದರೆ ಯಾರೂ ಆ ರಿಸ್ಕ್ ತಗೊಳ್ತಿರಲಿಲ್ಲ. ಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. ಅದರಲ್ಲಿ ಅವರು ಅವಕಾಶ ಕೊಟ್ಟ ಹದಿನೇಳರ ಹುಡುಗಿ ಬಿ. ಸರೋಜಾದೇವಿ. ಆಕೆ ಮುಂದೆ ನಾಲ್ಕು ಭಾಷೆಗಳಲ್ಲಿ ಸ್ಟಾರ್ ಆದರು.

ಆದರೆ ಅಷ್ಟೊತ್ತಿಗೆ ಕಾಲ ಬದಲಾಗಿತ್ತು. ಹಾಡನ್ನು ಮೊದಲೇ ರೆಕಾರ್ಡ್ ಮಾಡಿ, ಶೂಟಿಂಗ್‌ನಲ್ಲಿ ತುಟಿ ಆಡಿಸೋ ಪದ್ಧತಿ ಗಟ್ಟಿಯಾಯಿತು. ಹಾಡೋಕೆ ಒಬ್ಬರು, ನಟಿಸೋಕೆ ಒಬ್ಬರು. ಒಬ್ಬನೇ ಮಾಡುತ್ತಿದ್ದ ಕೆಲಸ ಎರಡು ಭಾಗ ಆಯ್ತು. ಹಾಡು ಬಲ್ಲ ಹೀರೋ ಬೇಕೇಬೇಕು ಅನ್ನೋ ಅಗತ್ಯ ಹೋಯ್ತು. 1959ರ ಜಗಜ್ಯೋತಿ ಬಸವೇಶ್ವರ ಚಿತ್ರದಲ್ಲಿ ಹೊನ್ನಪ್ಪನವರು ಬಸವಣ್ಣ, ಬಿಜ್ಜಳನಾಗಿ ರಾಜ್‌ಕುಮಾರ್. ಇಬ್ಬರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಒಂದು ತಲೆಮಾರು ಇನ್ನೊಂದಕ್ಕೆ ಜಾಗ ಬಿಡೋದು ಆ ಒಂದೇ ಚಿತ್ರದಲ್ಲಿ ಕಾಣುತ್ತೆ.

ಇಲ್ಲಿ ನಾನು ಸ್ವಲ್ಪ ಹೊತ್ತು ಓದೋದು ನಿಲ್ಲಿಸಿದೆ. ನಾವು ಕಲೀತಿರೋ ಕೋಡಿಂಗ್ ನಾವು ಪಾಸಾಗೋ ಹೊತ್ತಿಗೆ ಬೇಕಾಗುತ್ತೋ ಇಲ್ವೋ ಅಂತ ಹಾಸ್ಟೆಲ್‌ನಲ್ಲಿ ದಿನಾ ಮಾತಾಡ್ತೀವಲ್ಲ, ಅದೇ ನೆನಪಾಯ್ತು. ಟೆಕ್ನಾಲಜಿ ಒಬ್ಬರ ವಿದ್ಯೆಯನ್ನು ಅನಗತ್ಯ ಮಾಡಿಬಿಡೋದು ಹೊಸದೇನಲ್ಲ. ಹಾಗಂತ ವಿದ್ಯೆ ಸುಳ್ಳಾಗಲ್ಲ. 1974ರಲ್ಲಿ ಸಂಪತ್ತಿಗೆ ಸವಾಲ್ ಚಿತ್ರದಲ್ಲಿ ರಾಜ್‌ಕುಮಾರ್ ಹಾಡಿದ ಮೇಲೆ, ನಟನೇ ಹಾಡಬೇಕು ಅಂತ ಜನ ಮತ್ತೆ ಆಸೆಪಟ್ಟರು. ಆ ಕಂಠವೂ ಕಂಪನಿ ನಾಟಕದಲ್ಲೇ ಹದಗೊಂಡದ್ದು.

ಹೊನ್ನಪ್ಪ ಭಾಗವತರ್ ತೀರಿಕೊಂಡಿದ್ದು 1992ರಲ್ಲಿ. ನಮ್ಮ ಬ್ಯಾಚ್‌ನವರು ಯಾರೂ ಹುಟ್ಟಿರಲಿಲ್ಲ. ಈಗ ಮೆಟ್ರೋ ನಾಗಸಂದ್ರ ದಾಟಿ ಮಾದಾವರದವರೆಗೆ, ಅಂದ್ರೆ ನೆಲಮಂಗಲದ ದಿಕ್ಕಿಗೇ ಹೋಗಿದೆ. ಮೊನ್ನೆ ಅಜ್ಜಿಗೆ ಫೋನಲ್ಲಿ ಭಾಗವತರ ಒಂದು ಹಾಡು ಹಾಕಿಕೊಟ್ಟೆ. ರೆಕಾರ್ಡಿಂಗ್ ಹಳೇದು, ಕರಕರ ಶಬ್ದ. ಆದರೂ ಅವರು ಸೀರಿಯಲ್ ಮ್ಯೂಟ್ ಮಾಡಿ ಪೂರ್ತಿ ಕೇಳಿದರು. ನೀವೂ ಒಂದ್ಸಲ ಹುಡುಕಿ ಕೇಳಿ.