ಸದ್ದು ಮಾಡದೆ ನಡೆಯಲು ಕಲಿತ ಸಾಹೇಬ

ಚಾಮರಾಜನಗರ ಸೀಮೆಯಲ್ಲಿ ಆನೆ ಹೊಲಕ್ಕೆ ಬಿತ್ತು ಅಂದರೆ ಅದೇನೂ ಹೊಸ ಸುದ್ದಿಯಲ್ಲ. ಬೆಳೆ ಕೈಗೆ ಬರುವ ಹೊತ್ತಿಗೆ ಬೆಟ್ಟದ ಅಂಚಿನ ರೈತ ನಿದ್ದೆಗೆಟ್ಟು ಅಟ್ಟಣೆ ಮೇಲೆ ಕೂರುವುದು ನಿನ್ನೆ ಮೊನ್ನೆಯ ಪಾಡೂ ಅಲ್ಲ. ನೂರೈವತ್ತು ವರ್ಷದ ಹಿಂದೆಯೂ ಇದೇ ಗೋಳಿತ್ತು. ಆ ಗೋಳಿನ ನಡುವೆ ಬಂದು ನಿಂತ ಒಬ್ಬ ಬಿಳಿಯನ ಹೆಸರು ಜಾರ್ಜ್ ಸಾಂಡರ್ಸನ್. ಖೆಡ್ಡಾ ಅಂದ ಕೂಡಲೆ ಬಲ್ಲವರಿಗೆ ನೆನಪಾಗುವ ಹೆಸರು. ಖೆಡ್ಡಾ ಅಂದರೆ ತಮಟೆ, ಪಂಜು, ಕೂಗಾಟ, ನೂರಾರು ಜನ. ಅಷ್ಟೊಂದು ಗದ್ದಲದಿಂದ ಹೆಸರು ಮಾಡಿದ ಈ ಮನುಷ್ಯ ಅದಕ್ಕೆ ಮುಂಚೆ ವರ್ಷಗಟ್ಟಲೆ ಕಲಿತದ್ದು ಮಾತ್ರ ಗದ್ದಲ ಮಾಡದೆ ಇರುವುದನ್ನು. ಇವತ್ತು ಹೇಳಹೊರಟಿರುವುದು ಆ ಕಲಿಕೆಯ ವಿಷಯ.

ಸಾಂಡರ್ಸನ್ ಹುಟ್ಟಿದ್ದು 1848ರಲ್ಲಿ. ತಂದೆ ಡೇನಿಯಲ್ ಸಾಂಡರ್ಸನ್ ವೆಸ್ಲಿಯನ್ ಮಿಷನ್ನಿನ ಪಾದ್ರಿ, ಕನ್ನಡ ಬಲ್ಲವರು. ರೀವ್ ಸಾಹೇಬರ ಕನ್ನಡ ನಿಘಂಟನ್ನು ತಿದ್ದಿ ಬೆಳೆಸಿ 1858ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದವರು ಅವರೇ. ಮಗ ಓದಿದ್ದು ಇಂಗ್ಲೆಂಡಿನಲ್ಲಿ. 1864ರಲ್ಲಿ, ಇನ್ನೂ ಹದಿನಾರರ ಹುಡುಗ, ಮೈಸೂರು ಸೀಮೆಗೆ ಬಂದ. ಕನ್ನಡ ಕಲಿತ. ಆಮೇಲೆ ನಾಲೆಗಳ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಆಗ ರಾಜ್ಯಭಾರ ಬ್ರಿಟಿಷ್ ಕಮಿಷನರ ಕೈಲಿತ್ತು.

ನಾಲೆ ನೋಡಿಕೊಳ್ಳುವ ಕೆಲಸ ಅಂದರೆ ಊರೂರು ತಿರುಗುವ ಕೆಲಸ. ಕುದುರೆ ಮೇಲೆ ಬೆಳಗಿನಿಂದ ಸಂಜೆವರೆಗೆ. ಕಾಡಿನಂಚಿನ ಜನರ ಜತೆ ಮಾತು ಬೆಳೆಯಿತು. ಮಧ್ಯೆ ದುಭಾಷಿ ಬೇಕಿರಲಿಲ್ಲ, ನೋಡಿ. ಅದೇ ದೊಡ್ಡ ಲಾಭ. ಬೇರೆ ದೊರೆಗಳು ಬೇಟೆಗೆ ಬಂದರೆ ಅಮಲ್ದಾರನಿಗೆ ಹೇಳಿ ಜನ ಸೇರಿಸಿ, ಕಾಡು ಸೋವಿಸಿ, ತಾವು ಒಂದು ಕಡೆ ನಿಂತು ಓಡಿ ಬಂದದ್ದಕ್ಕೆ ಗುಂಡು ಹಾರಿಸಿ ಹೋಗುವವರು. ಇವನಿಗೂ ಕೋವಿಯ ಹುಚ್ಚು ಕಡಿಮೆ ಇರಲಿಲ್ಲ. ಆದರೆ ಕಾಟಿ, ಆನೆಗಳ ಬೆನ್ನು ಹತ್ತಬೇಕಾದರೆ ಹೆಜ್ಜೆ ಹಿಡಿದು ಕಾಲ್ನಡಿಗೆಯಲ್ಲೇ ಹೋಗಬೇಕು, ಬೇರೆ ದಾರಿಯಿಲ್ಲ ಎಂಬುದು ಅವನಿಗೆ ಬೇಗ ಅರ್ಥವಾಯಿತು.

ಚಾಮರಾಜನಗರದ ಹತ್ತಿರ, ಅವನು ತನ್ನ ಪುಸ್ತಕದಲ್ಲಿ ಮೊರ್ಲೆ ಎಂದು ಬರೆದಿರುವ ಊರಿನ ಬಳಿ ಒಂದು ಬಂಗಲೆ ಕಟ್ಟಿಸಿದ. ಎದುರಿಗೆ ಬಿಳಿಗಿರಿರಂಗನ ಬೆಟ್ಟ. ಆ ಊರಿನವರು ಬಲೆ ಬೇಟೆಯಲ್ಲಿ ಪಳಗಿದ ಜನ. ಅವರಲ್ಲಿ ಬೊಮ್ಮೇಗೌಡ ಎಂಬವನು ಸಾಹೇಬನ ಮುಖ್ಯ ಜಾಡುಗಾರನಾದ. ಬೆಟ್ಟದ ಮೇಲೆ ಸೋಲಿಗರು, ಕಾಕನಕೋಟೆ ಕಡೆ ಹೋದರೆ ಕುರುಬರು. ಸಾಂಡರ್ಸನ್ನನ ಪಾಠಶಾಲೆ ಇದೇ. ಗುರುಗಳಿಗೆ ಓದು ಬರಹ ಇರಲಿಲ್ಲ, ಮಣ್ಣಿನ ಮೇಲೆ ಬರೆದದ್ದನ್ನು ಮಾತ್ರ ತಪ್ಪಿಲ್ಲದೆ ಓದುತ್ತಿದ್ದರು.

ಏನು ಆ ಓದು? ಹುಲ್ಲಿನ ಮೇಲಿನ ಇಬ್ಬನಿ ಎಲ್ಲಿ ಉದುರಿದೆ. ತುಳಿದ ಸೊಪ್ಪು ಬಾಡಿದೆಯೋ ಹಸಿಯಾಗಿದೆಯೋ. ಲದ್ದಿ ಬಿಸಿ ಇದೆಯೋ ಆರಿದೆಯೋ. ಹೆಜ್ಜೆಯ ಅಂಚು ಚೂಪಾಗಿದೆಯೋ, ರಾತ್ರಿ ಹನಿಗೆ ಕರಗಿದೆಯೋ. ಆನೆಯ ಮುಂಗಾಲ ಹೆಜ್ಜೆಯ ಸುತ್ತಳತೆಯನ್ನು ಎರಡು ಪಟ್ಟು ಮಾಡಿದರೆ ಹೆಚ್ಚೂ ಕಡಿಮೆ ಅದರ ಭುಜದ ಎತ್ತರ ಸಿಕ್ಕುತ್ತದೆ. ಒಂದು ಬಳ್ಳಿ ಇದ್ದರೆ ಸಾಕು, ಆನೆ ಕಣ್ಣಿಗೆ ಬೀಳುವ ಮೊದಲೇ ಎಷ್ಟು ದೊಡ್ಡದು ಅಂತ ಹೇಳಬಹುದು. ಸಾಂಡರ್ಸನ್ ಈ ಲೆಕ್ಕವನ್ನು ಬಹಳ ಆನೆಗಳ ಮೇಲೆ ಅಳೆದು ನೋಡಿದ. ಹನ್ನೆರಡು ಅಡಿ ಆನೆ ಕಂಡೆ ಅಂತ ಕ್ಲಬ್ಬಿನಲ್ಲಿ ಕೊಚ್ಚಿಕೊಳ್ಳುವ ದೊರೆಗಳಿಗೆ ಇದರಿಂದ ಇರುಸುಮುರುಸಾಗಿರಬೇಕು. ಅವನ ಅಳತೆಗೆ ಭುಜದ ತನಕ ಹತ್ತು ಅಡಿ ಮುಟ್ಟುವ ಆನೆಯೇ ಸಿಕ್ಕಲಿಲ್ಲ.

ಎಲ್ಲಕ್ಕಿಂತ ಕಷ್ಟದ ಪಾಠ ಕಡವೆಯದು ಅಂತ ನಮ್ಮ ಕಡೆಯ ಹಳಬರು ಹೇಳುತ್ತಾರೆ. ಆ ಕಾಲದ ಪ್ಲಾಂಟರುಗಳು ಇದನ್ನು ಎಲ್ಕ್ ಎಂದು ಕರೆಯುತ್ತಿದ್ದರು. ನಿಜವಾದ ಎಲ್ಕ್ ಇರುವುದು ಯುರೋಪು, ಅಮೆರಿಕದ ಚಳಿನಾಡುಗಳಲ್ಲಿ. ದೊಡ್ಡ ಕೊಂಬಿನ ಜಿಂಕೆ ಕಂಡರೆ ಸಾಕು, ತಮ್ಮ ಕಡೆಯ ಹೆಸರು ಅಂಟಿಸುವುದು ದೊರೆಗಳ ಚಾಳಿ. ಇರಲಿ. ಕಡವೆ ಹಗಲೆಲ್ಲ ಇಳಿಜಾರಿನ ನೆರಳಲ್ಲಿ ಮಲಗಿರುತ್ತದೆ. ಅದರ ಮೂಗಿಗೆ, ಕಿವಿಗೆ ಮೋಸ ಮಾಡುವುದು ಆಗದ ಮಾತು. ಅಲುಗಾಡದೆ ನಿಂತ ಮನುಷ್ಯನನ್ನು ಅದು ಗುರುತಿಸದೆ ಹೋಗಬಹುದು, ಕೈ ಒಂದಿಷ್ಟು ಮೇಲೆತ್ತಿದರೆ ಮುಗಿಯಿತು. ನೆಲಕ್ಕೆ ಕಾಲು ಬಡಿದು ಢಾಂಕ್ ಎಂದು ಒಂದು ಸಲ ಕೂಗಿತೆಂದರೆ ಇಡೀ ಕಣಿವೆಗೆ ಡಂಗುರ ಸಾರಿದ ಹಾಗೆ.

ಅದಕ್ಕೇ ಜಾಡಿನವರ ನಡಿಗೆಯೇ ಬೇರೆ. ಬರಿಗಾಲು. ಪಾದದ ಹೊರ ಅಂಚನ್ನು ಮೊದಲು ಊರಿ, ಕೆಳಗೆ ಒಣಕಡ್ಡಿ ಇಲ್ಲವೆಂದು ಗೊತ್ತಾದ ಮೇಲೆ ಭಾರ ಬಿಡುವುದು. ನಾಲ್ಕು ಹೆಜ್ಜೆ, ನಿಲ್ಲುವುದು. ನೋಡುವುದು, ಕೇಳುವುದು. ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು. ಚಿಟಿಕೆ ಬೂದಿಯನ್ನೋ ಧೂಳನ್ನೋ ಬಿಟ್ಟು ಗಾಳಿ ನೋಡುವುದು. ಗಾಳಿ ತಿರುಗಿದರೆ ಅರ್ಧ ದಿನದ ಶ್ರಮವನ್ನೂ ಅಲ್ಲೇ ಬಿಟ್ಟು ಬಳಸಿಕೊಂಡು ಬರುವುದು. ಅವಸರದ ಬಿಳಿಯನಿಗೆ, ಅದೂ ಬೂಟು ಹಾಕಿದವನಿಗೆ, ಇದು ಸುಲಭವಾಗಿ ಒಗ್ಗುವಂಥದಲ್ಲ. ಜತೆಗೆ ಸಾಂಡರ್ಸನ್ ಆನೆಗೆಂದು ಒಯ್ಯುತ್ತಿದ್ದದ್ದು ನಾಲ್ಕು ಬೋರಿನ ಕೋವಿ. ಒಂದು ಪೌಂಡ್ ಸೀಸಕ್ಕೆ ನಾಲ್ಕೇ ಗುಂಡು, ಅಂದರೆ ಒಂದೊಂದೂ ನೂರು ಗ್ರಾಂ ಮೇಲೆ. ಅಂಥ ಕೋವಿ ಹಿಡಿದವನಿಗೆ ಎರಡನೇ ಗುಂಡಿನ ಭರವಸೆ ಇಲ್ಲ. ಹತ್ತಿರ ಹೋಗಬೇಕು, ತಿಳಿಯದ ಹಾಗೆ ಹೋಗಬೇಕು.

ಹೀಗೆ ಹತ್ತಿರ ಹೋಗುವುದರಿಂದ ಒಂದು ವಿಚಿತ್ರ ನಡೆಯಿತು. ಕಾಡುಪ್ರಾಣಿ ತನ್ನನ್ನು ಯಾರೂ ನೋಡುತ್ತಿಲ್ಲ ಅಂದುಕೊಂಡು ಬಾಳುವುದನ್ನು ಇವನು ಗಂಟೆಗಟ್ಟಲೆ ನೋಡಿದ. ಆನೆ ಹಿಂಡನ್ನು ಮುನ್ನಡೆಸುವುದು ಹೆಣ್ಣಾನೆ ಎಂಬುದನ್ನು ಬರೆದಿಟ್ಟ. ಹುಲಿಯನ್ನು ಕಂಡಲ್ಲಿ ಕೊಂದು ನಿರ್ನಾಮ ಮಾಡಬೇಕೆಂದು ಸರ್ಕಾರವೇ ಇನಾಮು ಕೊಡುತ್ತಿದ್ದ ಕಾಲ. ಇವನು ಅದಕ್ಕೆ ಒಪ್ಪಲಿಲ್ಲ. ಬೆಳೆ ತಿನ್ನುವ ಹಂದಿ, ಜಿಂಕೆಗಳನ್ನು ಹುಲಿ ಹದ್ದಿನಲ್ಲಿಡುತ್ತದೆ, ರೈತನಿಗೆ ಅದರಿಂದ ನಷ್ಟಕ್ಕಿಂತ ಲಾಭವೇ ಹೆಚ್ಚು ಎಂದು 1878ರ ತನ್ನ ಪುಸ್ತಕದಲ್ಲಿ ವಾದಿಸಿದ. ಹಾಗಂತ ಹುಲಿ ಹೊಡೆಯುವುದನ್ನು ಬಿಟ್ಟನೇ ಅಂದರೆ, ಇಲ್ಲ. ಆ ಕಾಲದ ಮನುಷ್ಯನೇ ತಾನೆ.

ಆನೆಗಳ ಮಾತು ಬೇರೆಯಾಯಿತು. ಮದರಾಸು ಸರ್ಕಾರ 1873ರಲ್ಲಿ ಕಾಡಾನೆ ಹೊಡೆಯುವುದನ್ನು ತಡೆಯುವ ಕಾಯಿದೆ ತಂದಿತು. ಹೊಡೆಯುವ ಹಾಗಿಲ್ಲ, ಬಿಟ್ಟರೆ ಬೆಳೆ ಉಳಿಯುವುದಿಲ್ಲ. ಹಾಗಾದರೆ ಹಿಡಿಯೋಣ ಎಂದ ಸಾಂಡರ್ಸನ್. ಹೈದರಾಲಿ ಒಂದು ಕಾಲದಲ್ಲಿ ಕಾಕನಕೋಟೆಯಲ್ಲಿ ಆನೆ ಹಿಡಿಯಲು ಹೋಗಿ ಸೋತು, ಇನ್ನು ಮುಂದೆ ಈ ಕೆಲಸಕ್ಕೆ ಕೈ ಹಾಕಿದವರಿಗೆ ಶಾಪವಿರಲಿ ಎಂದು ಕಲ್ಲಿನಲ್ಲಿ ಕೆತ್ತಿಸಿದ್ದನೆಂಬ ಮಾತಿತ್ತು. ಮೊದಲ ವರ್ಷ ಸಾಂಡರ್ಸನ್ನನೂ ಸೋತ. ನಕ್ಕವರು ನಕ್ಕರು. 1874ರಲ್ಲಿ ಕರಡಿಹಳ್ಳಿ ಬಳಿ, ಹೊನ್ನುಹೊಳೆ ಒಂದು ಕಡೆ, ನಾಲೆ ಒಂದು ಕಡೆ ಇರುವ ಜಾಗಕ್ಕೆ ಹಿಂಡನ್ನು ತಿರುಗಿಸಿ ಐವತ್ತಕ್ಕೂ ಹೆಚ್ಚು ಆನೆ ಹಿಡಿದ. ನಾಲೆ ಇಲಾಖೆಯವನ ಬುದ್ಧಿ ಇಲ್ಲಿ ಕೆಲಸಕ್ಕೆ ಬಂತು. ಆದರೆ ಹಿಂಡು ಯಾವ ದಾರಿ ಹಿಡಿಯುತ್ತದೆ, ಎಷ್ಟು ಹೊತ್ತಿಗೆ ಹೊಳೆ ದಾಟುತ್ತದೆ ಎಂಬ ಸುದ್ದಿ ತಂದುಕೊಟ್ಟವರು ಅದೇ ಬರಿಗಾಲಿನ ಜನ. ತಮಟೆ ಬಾರಿಸಿದ್ದು ಆಮೇಲೆ.

ಅಲ್ಲಿಂದ ಅವನ ದಿನ ತಿರುಗಿತು. ಬಂಗಾಳದವರು ಕರೆದರು. ಢಾಕಾ, ಚಿತ್ತಗಾಂಗು, ಗಾರೋ ಬೆಟ್ಟ ಎಲ್ಲ ಸುತ್ತಿದ. 1889ರಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ ಕಾಕನಕೋಟೆಯಲ್ಲಿ ಖೆಡ್ಡಾ ತೋರಿಸಿದವನೂ ಇವನೇ. ಅಲ್ಲಿಂದಾಚೆಗೆ ಖೆಡ್ಡಾ ದೊಡ್ಡ ಅತಿಥಿಗಳಿಗೆ ತೋರಿಸುವ ತಮಾಷೆಯಾಗಿ ಬೆಳೆಯಿತು. ರೈತನ ರಾಗಿ ಹೊಲದಿಂದ ಶುರುವಾದ ಕೆಲಸ ಗ್ಯಾಲರಿ ಕಟ್ಟಿ ನೋಡುವ ಮಟ್ಟಕ್ಕೆ ಬಂತು. ಹಿಡಿದ ಆನೆಗಳಲ್ಲಿ ಗಾಯಕ್ಕೆ, ಕೊರಗಿಗೆ ಸತ್ತವು ಎಷ್ಟೋ.

1892ರಲ್ಲಿ ಮದರಾಸಿನಲ್ಲಿ ಸಾಂಡರ್ಸನ್ ತೀರಿಕೊಂಡ. ವಯಸ್ಸು ನಲವತ್ತನಾಲ್ಕೂ ದಾಟಿರಲಿಲ್ಲ. ಕಿಪ್ಲಿಂಗನ ಜಂಗಲ್ ಬುಕ್ಕಿನ ಆನೆ ಕತೆಯಲ್ಲಿ ಬರುವ ಪೀಟರ್ಸನ್ ಸಾಹೇಬ ಇವನದೇ ನೆರಳು ಎನ್ನುತ್ತಾರೆ. ಬೊಮ್ಮೇಗೌಡನ ಹೆಸರು ಸಾಂಡರ್ಸನ್ನನ ಪುಸ್ತಕದ ಹಾಳೆಗಳಲ್ಲಿ ಉಳಿದಿದೆ. ಹೊಗಳಿಯೇ ಬರೆದಿದ್ದಾನೆ, ಅಷ್ಟರ ಮಟ್ಟಿಗೆ ಸಾಹೇಬ ಋಣ ಮರೆತವನಲ್ಲ.

ಕಾಕನಕೋಟೆಯ ಖೆಡ್ಡಾ 1970ರ ದಶಕದ ಶುರುವಿನಲ್ಲಿ ನಿಂತಿತು, ಆ ಜಾಗದ ಮೇಲೆ ಕಬಿನಿ ಹಿನ್ನೀರು ಬಂತು. 1972ರ ಕಾಯಿದೆಯಿಂದ ಬೇಟೆಯೂ ನಿಂತಿತು. ಬೆಟ್ಟದ ಸೋಲಿಗರ ಬೇಟೆ, ಪೋಡು ಬೇಸಾಯ ಎಲ್ಲವೂ ನಿಂತು, ಎಷ್ಟೋ ಜನ ಒಳಗಾಡಿನಿಂದ ಹೊರಗೆ ಬಂದರು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರವೂ ಸಿಕ್ಕಿತು. ಈಗ ಆ ಕಾಡಿನಲ್ಲಿ ಹುಲಿ ಗಣತಿಗೆ ಹೊರಟರೆ ಸಾಹೇಬರ ಮುಂದೆ ನಡೆಯುವ ವಾಚರ್ ಬಹುಪಾಲು ಸೋಲಿಗನೇ. ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತಾನೆ, ಹಿಂದಿನವರೂ ನಿಲ್ಲಬೇಕು.