ನೋವನ್ನು ನಾದವಾಗಿಸಿದ ವರಕವಿ ಬೇಂದ್ರೆ

ಬೇಂದ್ರೆ ಎಂದೊಡನೆ ನಮಗೆ ನೆನಪಾಗುವುದು ಧಾರವಾಡದ ಸಾಧನಕೇರಿ. ಆದರೆ ಹೊರನಾಡಿನಲ್ಲಿ ನೆಲೆಸಿರುವ ನಮಗೆ ಅವರು ಇನ್ನೊಂದು ಬಗೆಯಲ್ಲಿಯೂ ಹತ್ತಿರದವರು. ಅವರು 1918ರಲ್ಲಿ ಪದವಿ ಪಡೆದದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, 1944ರಿಂದ 1956ರವರೆಗೆ ಕನ್ನಡ ಕಲಿಸಿದ್ದು ಸೊಲ್ಲಾಪುರದಲ್ಲಿ, ಕೊನೆಯುಸಿರೆಳೆದದ್ದು ಮುಂಬಯಿಯಲ್ಲಿ.

ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು 1896ರ ಜನವರಿ 31ರಂದು ಧಾರವಾಡದಲ್ಲಿ ಜನಿಸಿದರು. ಮನೆಮಾತು ಮರಾಠಿ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರನ್ನು ಸಲಹಿದವರು ತಾಯಿ. ಆ ಮಾತೃಋಣವನ್ನು ಕಾವ್ಯನಾಮದಲ್ಲಿಯೇ ಧರಿಸಿ ಅವರು ಅಂಬಿಕಾತನಯದತ್ತರಾದರು.

1919ರಲ್ಲಿ ಲಕ್ಷ್ಮೀಬಾಯಿಯವರ ಕೈಹಿಡಿದರು. ದಾಂಪತ್ಯವು ಒಲವಿನಿಂದ ತುಂಬಿತ್ತಾದರೂ ಮನೆಗೆ ಸಾವು ಮತ್ತೆ ಮತ್ತೆ ಬಂದಿತು. ಹುಟ್ಟಿದ ಮಕ್ಕಳಲ್ಲಿ ಹಲವರು ಎಳವೆಯಲ್ಲಿಯೇ ತೀರಿಕೊಂಡರು. ಮಗುವಿನ ಮರಣಶಯ್ಯೆಯ ಬಳಿ ಪತ್ನಿಯ ನೋಟವನ್ನು ಎದುರಿಸಲಾರದ ಪತಿಯ ಸಂಕಟವನ್ನು ಅವರು ಧಾರವಾಡದ ಆಡುಮಾತಿನಲ್ಲಿಯೇ ಕವಿತೆಯಾಗಿಸಿದರು. ಅದನ್ನು ಕೇಳಿ ಕಣ್ಣೀರು ಮಿಡಿಯದ ಕನ್ನಡಿಗರು ವಿರಳ. 1937ರ ‘ಸಖೀಗೀತ’ದಲ್ಲಿ ಅದೇ ಸಂಸಾರದ ಸುಖದುಃಖಗಳು ಸಖಿಯೊಡನೆ ಆಡಿದ ಮಾತುಗಳಾಗಿವೆ.

ಕಷ್ಟಗಳು ಅಷ್ಟಕ್ಕೇ ನಿಲ್ಲಲಿಲ್ಲ. ‘ನರಬಲಿ’ ಕವಿತೆಗಾಗಿ 1932ರಲ್ಲಿ ಬ್ರಿಟಿಷ್ ಸರ್ಕಾರ ಅವರನ್ನು ಹಿಂಡಲಗಾ ಸೆರೆಮನೆಗೆ ಕಳುಹಿಸಿತು. ಬಳಿಕ ಮುಗದದಲ್ಲಿ ನಜರುಬಂದಿಯಲ್ಲಿಟ್ಟಿತು. ಮುಂದೆ ಅನೇಕ ವರ್ಷ ಸ್ಥಿರವಾದ ನೌಕರಿ ದೊರೆಯಲಿಲ್ಲ. ಆದರೂ ಲೇಖನಿ ಕಹಿಯಾಗಲಿಲ್ಲ.

ಶ್ರೀ ಅರವಿಂದರ ದರ್ಶನವು ಅವರ ಅಧ್ಯಾತ್ಮಕ್ಕೆ ಇಂಬು ನೀಡಿತು. ಆದರೆ ಆ ಅಧ್ಯಾತ್ಮ ಸಂಸಾರವನ್ನು ತೊರೆದದ್ದಲ್ಲ. ಮಡದಿಯ ಮೇಲಿನ ಒಲವು, ಮಕ್ಕಳ ಅಗಲಿಕೆ, ದೈವದ ಅರಸುವಿಕೆ ಇವು ಒಂದೇ ಮನೆಯ ಮೂರು ಕೋಣೆಗಳಂತೆ ಅವರ ಕಾವ್ಯದಲ್ಲಿ ಕೂಡಿಕೊಂಡಿವೆ. ‘ಅರಳು ಮರಳು’ ಕೃತಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1964ರಲ್ಲಿ ಪ್ರಕಟವಾದ ‘ನಾಕುತಂತಿ’ಗೆ 1973ರ ಜ್ಞಾನಪೀಠ ಪ್ರಶಸ್ತಿ ಸಂದವು.

1981ರ ಅಕ್ಟೋಬರ್ 26ರಂದು ಬೇಂದ್ರೆಯವರು ಮುಂಬಯಿಯಲ್ಲಿ ನಿಧನರಾದರು.

ಮನೆಯಲ್ಲಿ ಮರಾಠಿಯಾಡುತ್ತ ಬೆಳೆದ ಬಾಲಕನೊಬ್ಬ ತನ್ನ ಎದೆಯ ಅತಿ ಆಳದ ನೋವನ್ನು ಹೇಳಿಕೊಳ್ಳಲು ಕನ್ನಡವನ್ನು ಆರಿಸಿಕೊಂಡನು. ಮನೆಯಲ್ಲಿ ಕನ್ನಡವಿದ್ದೂ ಮಕ್ಕಳೊಡನೆ ಬೇರೆ ಭಾಷೆಯಲ್ಲಿ ಮಾತನಾಡುವ ನಾವು ಇದನ್ನು ಒಮ್ಮೆ ಯೋಚಿಸಬೇಕು. ವಾರಕ್ಕೊಂದು ಸಂಜೆಯಾದರೂ ಅವರ ಒಂದು ಕವಿತೆಯನ್ನು ಮಕ್ಕಳೊಡನೆ ಗಟ್ಟಿಯಾಗಿ ಓದೋಣ.