ಮಕ್ಕಳ ವಿಶ್ವಕೋಶಕಾರ ಡಾ. ಕೋಟ ಶಿವರಾಮ ಕಾರಂತರು (1902–1997)

ಗ್ರಂಥಾಲಯದ ಮಕ್ಕಳ ವಿಭಾಗಕ್ಕೆ ಸದಸ್ಯತ್ವ ಕೋರಿ ಬರುವ ಪೋಷಕರಲ್ಲಿ ಬಹುತೇಕರಿಗೆ ಡಾ. ಶಿವರಾಮ ಕಾರಂತರ ಹೆಸರು ಪರಿಚಿತವಾದುದೇ. ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’, ‘ಮೂಕಜ್ಜಿಯ ಕನಸುಗಳು’ ಮೊದಲಾದ 47 ಕಾದಂಬರಿಗಳ ಕರ್ತೃವಾಗಿ, ಜ್ಞಾನಪೀಠ ಪ್ರಶಸ್ತಿ ಪುರಸ್ಕೃತರಾಗಿ, ಯಕ್ಷಗಾನದ ಸಂಶೋಧಕರಾಗಿ ಅವರನ್ನು ನಾಡು ಬಲ್ಲದು. ಆದರೆ ಇದೇ ಲೇಖಕರು ಕನ್ನಡದ ಮಕ್ಕಳಿಗಾಗಿ ಮೂರು ಸಂಪುಟಗಳ ವಿಶ್ವಕೋಶವೊಂದನ್ನು ಹೆಚ್ಚುಕಡಿಮೆ ಒಬ್ಬರೇ ರಚಿಸಿದರೆಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಕಾದಂಬರಿಕಾರ ಕಾರಂತರ ಬಗ್ಗೆ ಗ್ರಂಥಗಳೇ ಬಂದಿರುವುದರಿಂದ, ಇಲ್ಲಿ ಮುಖ್ಯವಾಗಿ ಮಕ್ಕಳಿಗಾಗಿ ಜ್ಞಾನಸಾಹಿತ್ಯ ಬರೆದ ಕಾರಂತರ ದುಡಿಮೆಯ ಪರಿಚಯವನ್ನು ಮಾಡಿಕೊಡಲಾಗಿದೆ.

ಕಾರಂತರು 1902ರ ಅಕ್ಟೋಬರ್ 10ರಂದು ಅಂದಿನ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕೋಟ ಗ್ರಾಮದಲ್ಲಿ ಜನಿಸಿದರು. ಈ ಗ್ರಾಮ ಈಗ ಉಡುಪಿ ಜಿಲ್ಲೆಯಲ್ಲಿದೆ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮನವರು. ಕುಂದಾಪುರದಲ್ಲಿ ಪ್ರೌಢಶಾಲೆಯ ಶಿಕ್ಷಣವನ್ನು ಪಡೆದು ಮಂಗಳೂರಿನಲ್ಲಿ ಕಾಲೇಜಿಗೆ ಸೇರಿದ ಅವರು, ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಓದನ್ನು ಅರ್ಧಕ್ಕೇ ಬಿಟ್ಟರು. ಖಾದಿ ಹಾಗೂ ಸ್ವದೇಶಿ ಪ್ರಚಾರ, ‘ವಸಂತ’ ಎಂಬ ಪತ್ರಿಕೆಯ ಸಂಪಾದನೆ, ನಾಟಕ, ಊರೂರು ಸುತ್ತಾಟ ಇವುಗಳಲ್ಲಿ ಆ ದಶಕ ಕಳೆಯಿತು. 1930ರ ಸುಮಾರಿಗೆ ಎರಡು ಮೂಕಿ ಚಿತ್ರಗಳನ್ನೂ ತಯಾರಿಸಿದ್ದುಂಟು. ಕ್ಯಾಮೆರಾ ಹಿಡಿಯುವ ಈ ಅಭ್ಯಾಸ ಮುಂದೆ ಪುಸ್ತಕದ ಕೆಲಸಕ್ಕೆ ಬಹಳವಾಗಿ ಒದಗಿತು.

ಹೀಗೆ ಅವರಿಗೆ ಯಾವ ಪದವಿಯೂ ಇರಲಿಲ್ಲ. ಹೆಸರಿನ ಹಿಂದಿನ ಡಾಕ್ಟರ್ ಎಂಬುದು ವಿಶ್ವವಿದ್ಯಾಲಯಗಳು ಮುಂದೆ ಗೌರವಾರ್ಥವಾಗಿ ನೀಡಿದ್ದು. ಭೌತಶಾಸ್ತ್ರ, ಜೀವಶಾಸ್ತ್ರ, ಖಗೋಳಶಾಸ್ತ್ರಗಳನ್ನು ಕುರಿತು ಅವರು ಬರೆದುದೆಲ್ಲವೂ ತಾವಾಗಿ ಓದಿ, ನೋಡಿ, ಸುತ್ತಿ ಕಲಿತದ್ದರ ಫಲ.

ಪುತ್ತೂರು ಮತ್ತು ಬಾಲವನ

ಕಾರಂತರ ಕಾರ್ಯಕ್ಷೇತ್ರವಾಗಿ ನಾಲ್ಕು ದಶಕಗಳ ಕಾಲ ಉಳಿದ ಊರು ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು. ಜಿಲ್ಲೆಯ ಸಹಕಾರಿ ಚಳವಳಿಯ ಹಿರಿಯರಾದ ಮೊಳಹಳ್ಳಿ ಶಿವರಾಯರು ಇಲ್ಲಿ ಅವರಿಗೆ ಆಸರೆಯಾಗಿ ನಿಂತರು. ಶಾಲೆಯ ಮಕ್ಕಳನ್ನು ಕೂಡಿಸಿ ಕಾರಂತರು ಮಕ್ಕಳ ಕೂಟವನ್ನು ನಡೆಸಿದರು. ಅವರಿಂದ ನಾಟಕವಾಡಿಸಿದರು, ಹಾಡಿಸಿದರು, ಚಿತ್ರ ಬರೆಯಿಸಿದರು, ತಾವೂ ಅವರೊಡನೆ ಕುಣಿದರು. ದಸರೆಯ ಕಾಲದಲ್ಲಿ ಪುತ್ತೂರಿನಲ್ಲಿ ನಡೆಯುತ್ತಿದ್ದ ನಾಡಹಬ್ಬಕ್ಕೆ ಕನ್ನಡದ ಹೆಸರಾಂತ ಸಾಹಿತಿಗಳು ಬಂದು ಹೋಗುತ್ತಿದ್ದರು. ಊರಿನ ಅಂಚಿನ ಪರ್ಲಡ್ಕದ ಗುಡ್ಡದಲ್ಲಿ 1930ರ ದಶಕದಲ್ಲಿ ಕಾರಂತರು ಕಟ್ಟಿಕೊಂಡ ನೆಲೆಯೇ ಬಾಲವನ. ಅದು ಅವರ ಮನೆ, ಮಕ್ಕಳ ಶಿಕ್ಷಣದ ಪ್ರಯೋಗಶಾಲೆ, ನಾಟ್ಯಶಾಲೆ ಮತ್ತು ಬರವಣಿಗೆಯ ಕೊಠಡಿ ಎಲ್ಲವೂ ಆಗಿತ್ತು.

ಉರು ಹೊಡೆಸುವ ಪಾಠಕ್ರಮದಲ್ಲಿ ಕಾರಂತರಿಗೆ ನಂಬಿಕೆಯಿರಲಿಲ್ಲ. ಮಗು ಆಡುತ್ತ ಕಲಿಯಬೇಕು, ಕಣ್ಣಾರೆ ಕಂಡುದನ್ನು ಪ್ರಶ್ನಿಸಿ ಕಲಿಯಬೇಕು ಎಂಬುದು ಅವರ ನಿಲುವು. ಆದರೆ ಪ್ರಶ್ನೆ ಕೇಳುವ ಮಗುವಿಗೆ ಉತ್ತರ ಎಲ್ಲಿ ಸಿಗಬೇಕು? ಶಾಲೆಯ ಪಠ್ಯಪುಸ್ತಕದ ಆಚೆಗೆ ಆ ಕಾಲದ ಕನ್ನಡದ ಮಗುವಿನ ಕೈಗೆ ಸಿಗುತ್ತಿದ್ದುದು ಕಥೆ, ಪದ್ಯ ಮತ್ತು ಪುರಾಣ. ಗ್ರಹಣವೇಕೆ ಆಗುತ್ತದೆ, ತಿಮಿಂಗಿಲ ಮೀನು ಹೌದೇ ಅಲ್ಲವೇ, ಉಗಿಬಂಡಿ ಹೇಗೆ ಓಡುತ್ತದೆ ಎಂಬಂಥ ವಿಷಯಗಳನ್ನು ತಿಳಿಯಬೇಕಾದರೆ ಇಂಗ್ಲಿಷು ಬರಬೇಕಾಗಿತ್ತು. ಇಂಗ್ಲಿಷು ಕಲಿಯುವ ಅನುಕೂಲವಿದ್ದುದು ಕೆಲವೇ ಮನೆಗಳ ಮಕ್ಕಳಿಗೆ.

ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವ ಪ್ರಯತ್ನ ಅದಕ್ಕೂ ಮೊದಲೇ ನಡೆದಿತ್ತು. ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶಯ್ಯಂಗಾರ್ಯರು 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದ್ದರು. ಅದು ಎರಡು ವರ್ಷಗಳ ನಂತರ ನಿಂತುಹೋಯಿತು. ಆ ಪತ್ರಿಕೆಯ ಓದುಗರು ದೊಡ್ಡವರು. ಮಕ್ಕಳಿಗಾಗಿ, ಚಿತ್ರಗಳ ಸಹಿತ, ಜಗತ್ತಿನ ಎಲ್ಲ ವಿಷಯಗಳನ್ನೂ ಒಂದೆಡೆ ತರುವ ಗ್ರಂಥವೆಂಬುದು ಕನ್ನಡದಲ್ಲಿ ಆಗಿನ್ನೂ ಕನಸಾಗಿಯೇ ಇತ್ತು.

ಬಾಲಪ್ರಪಂಚ

1936ರಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳು ಹೊರಬಂದವು. ಆಗ ಕಾರಂತರಿಗೆ 34 ವರ್ಷ. ಅದೇ ವರ್ಷ ಅವರ ವಿವಾಹ ಲೀಲಾ ಆಳ್ವ ಅವರೊಡನೆ ನೆರವೇರಿತು. ಅದು ಅಂತರ್ಜಾತಿಯ ವಿವಾಹವಾಗಿದ್ದು, ಆ ಕಾಲದ ಕರಾವಳಿಯಲ್ಲಿ ಸಾಕಷ್ಟು ಮಾತಿಗೆ ಗುರಿಯಾದ ಸಂಗತಿ. ಲೀಲಾ ಕಾರಂತರು ಮರಾಠಿಯನ್ನು ಚೆನ್ನಾಗಿ ಬಲ್ಲವರಾಗಿದ್ದು, ಮರಾಠಿಯಿಂದ ಕನ್ನಡಕ್ಕೆ ಅನುವಾದವನ್ನೂ ಮಾಡಿದ್ದಾರೆ.

ಇಂದು ವಿಶ್ವಕೋಶವೆಂದರೆ ಸಂಪಾದಕ ಮಂಡಲಿ, ವಿಷಯತಜ್ಞರು, ಚಿತ್ರಕಾರರು, ಅನುದಾನ ಎಂಬ ಚಿತ್ರ ಕಣ್ಣ ಮುಂದೆ ಬರುತ್ತದೆ. ಮೈಸೂರು ವಿಶ್ವವಿದ್ಯಾಲಯದ ‘ಕನ್ನಡ ವಿಶ್ವಕೋಶ’ದ ಮೊದಲ ಸಂಪುಟ 1969ರಲ್ಲಿ ಪ್ರಕಟವಾದುದು ಅಂಥ ವ್ಯವಸ್ಥೆಯಿಂದಲೇ. ಮುಂದೆ ನಿರಂಜನರ ಸಂಪಾದಕತ್ವದಲ್ಲಿ ಕಿರಿಯರಿಗಾಗಿ ಬಂದ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ಯ ಹಿಂದೆಯೂ ಅನೇಕ ಲೇಖಕರ ಬಳಗವಿತ್ತು. 1936ರ ಪುತ್ತೂರಿನಲ್ಲಿ ಇವಾವುವೂ ಇರಲಿಲ್ಲ. ಕನ್ನಡ ನಾಡು ಮದರಾಸು, ಮುಂಬಯಿ, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕಾಲವದು. ಒಂದೊಂದು ಆಡಳಿತಕ್ಕೂ ಬೇರೆ ಬೇರೆ ಶಿಕ್ಷಣ ಇಲಾಖೆ. ಒಂದೆಡೆ ಒಪ್ಪಿದ ಪುಸ್ತಕವನ್ನು ಇನ್ನೊಂದೆಡೆಯ ಶಾಲೆ ಕೊಳ್ಳಲೇಬೇಕೆಂದಿರಲಿಲ್ಲ. ಚಿತ್ರಗಳಿರುವ ದೊಡ್ಡ ಪುಸ್ತಕವನ್ನು ಅಚ್ಚು ಹಾಕುವುದೆಂದರೆ ಪ್ರತಿಯೊಂದು ಚಿತ್ರಕ್ಕೂ ಲೋಹದ ಬ್ಲಾಕ್ ಮಾಡಿಸಬೇಕು, ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸಬೇಕು, ಕರಡನ್ನು ತಿದ್ದಬೇಕು. ಇಷ್ಟೆಲ್ಲ ವೆಚ್ಚದ ಪುಸ್ತಕವನ್ನು ಕೊಳ್ಳುವವರಾದರೋ ಮಕ್ಕಳಲ್ಲ, ಕೈಯಲ್ಲಿ ಕಾಸು ಹೆಚ್ಚಿಲ್ಲದ ಪೋಷಕರು. ಲಾಭದ ಲೆಕ್ಕ ಹಾಕಿದವರು ಯಾರೂ ಕೈಹಾಕದ ಕೆಲಸವಿದು.

ಭಾಷೆಯ ತೊಡಕು ಇನ್ನೂ ದೊಡ್ಡದು. ದೊಡ್ಡವರಿಗೆ ಬರೆಯುವಾಗ ಸಂಸ್ಕೃತದಿಂದ ಒಂದು ಪಾರಿಭಾಷಿಕ ಪದವನ್ನು ಕಟ್ಟಿ ಮುಂದೆ ಸಾಗಬಹುದು. ಹತ್ತು ವರ್ಷದ ಮಗುವಿಗೆ ಬರೆಯುವಾಗ ಹಾಗೆ ಮಾಡಿದರೆ ಗೊತ್ತಿಲ್ಲದ ವಸ್ತುವಿಗೆ ಗೊತ್ತಿಲ್ಲದ ಹೆಸರನ್ನು ಕೊಟ್ಟಂತಾಗುತ್ತದೆ. ಮಗುವಿಗೆ ತಿಳಿದಿರುವ ಮಾತಿನಿಂದ ಹೊರಟು ತಿಳಿಯದ ವಸ್ತುವಿನ ಕಡೆಗೆ ನಡೆಯಬೇಕು. ಪದಗಳ ಕುರಿತ ಕಾರಂತರ ಆಸಕ್ತಿ ಎಷ್ಟರದೆಂದರೆ, ‘ಬಾಲಪ್ರಪಂಚ’ ಬಂದ ಐದು ವರ್ಷಗಳಿಗೆ, 1941ರಲ್ಲಿ, ‘ಸಿರಿಗನ್ನಡ ಅರ್ಥಕೋಶ’ ಎಂಬ ನಿಘಂಟನ್ನೇ ಅವರು ಹೊರತಂದರು. ಕಾದಂಬರಿಕಾರರೊಬ್ಬರು ನಿಘಂಟು ಮಾಡಲು ಕೂರುವುದು ಸಾಮಾನ್ಯ ಸಂಗತಿಯಲ್ಲ. ‘ಮರಳಿ ಮಣ್ಣಿಗೆ’ಯಂಥ ಮಹತ್ವದ ಕಾದಂಬರಿ ರೂಪುಗೊಂಡದ್ದೂ ಇದೇ ವರ್ಷಗಳಲ್ಲಿ ಎಂಬುದನ್ನು ನೆನೆದರೆ ಅವರ ದಿನಚರಿಯ ಬಗ್ಗೆ ವಿಸ್ಮಯವಾಗದಿರದು.

ಒಬ್ಬರೇ ಬರೆದ ವಿಶ್ವಕೋಶಕ್ಕೆ ಮಿತಿಗಳೂ ಇರುತ್ತವೆ. ಎಲ್ಲ ಶಾಸ್ತ್ರಗಳಲ್ಲಿ ಒಬ್ಬರಿಗೇ ಸಮಾನ ಪರಿಣತಿ ಇರುವುದು ಅಸಾಧ್ಯ. ಬರೆಯುವವರ ಒಲವು ಯಾವುದರ ಕಡೆಗೋ ಅದು ಹಿಗ್ಗುತ್ತದೆ, ಉಳಿದುದು ಕುಗ್ಗುತ್ತದೆ. ಆದರೆ ಅದರಿಂದ ಆಗುವ ಒಂದು ಅನುಕೂಲವನ್ನು ಪಂಡಿತ ಮಂಡಲಿಗಳ ಕೃತಿಗಳಲ್ಲಿ ಕಾಣುವುದು ಕಷ್ಟ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಬ್ಬ ಹಿರಿಯರೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಂತಿರುತ್ತದೆ.

ಹಳತಾಗುವ ಪುಸ್ತಕ, ಮತ್ತೆ ಬರೆಯುವ ಲೇಖಕ

ಜ್ಞಾನಸಾಹಿತ್ಯಕ್ಕೆ ಆಯುಷ್ಯ ಕಡಿಮೆ. ಒಳ್ಳೆಯ ಕಾದಂಬರಿ ಎಂಬತ್ತು ವರ್ಷಗಳ ನಂತರವೂ ಹೊಸದಾಗಿಯೇ ಉಳಿಯಬಹುದು. ‘ಚೋಮನ ದುಡಿ’ (1933) ಹಾಗೆ ಉಳಿದಿದೆ. ಆದರೆ 1936ರಲ್ಲಿ ಬರೆದ ವಿಜ್ಞಾನದ ಪುಸ್ತಕದಲ್ಲಿ ಪರಮಾಣು ಬಾಂಬು ಇರಲು ಸಾಧ್ಯವಿಲ್ಲ, ಕೃತಕ ಉಪಗ್ರಹ ಇರಲು ಸಾಧ್ಯವಿಲ್ಲ. 1945ರಲ್ಲಿ ಮೊದಲನೆಯದು, 1957ರಲ್ಲಿ ಎರಡನೆಯದು ಜಗತ್ತಿನ ಅನುಭವಕ್ಕೆ ಬಂದವು. ಈ ಸಂಗತಿ ಕಾರಂತರಿಗೆ ತಿಳಿಯದುದಲ್ಲ. ತಮ್ಮ ಬಾಳಿನ ಅತ್ಯುತ್ತಮ ವರ್ಷಗಳನ್ನು, ಬೇಗ ಹಳತಾಗುವುದೆಂದು ಗೊತ್ತಿದ್ದ ಪುಸ್ತಕಗಳಿಗೆ ಅವರು ಕೊಟ್ಟರು. ಪ್ರಶ್ನೆ ಕೇಳುವ ಮಗುವಿಗೆ ಉತ್ತರ ಆಗಲೇ ಬೇಕು. ಅದು ಬೆಳೆದು ದೊಡ್ಡದಾದ ಮೇಲೆ ಬರುವ ಪುಸ್ತಕದಿಂದ ಪ್ರಯೋಜನವಿಲ್ಲ.

ಅದು ಹಳತಾದ ಮೇಲೆ ಕಾರಂತರು ಮಾಡಿದ ಕೆಲಸವೆಂದರೆ ಮತ್ತೆ ಕುಳಿತು ಬರೆದದ್ದು. ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ದ ಪ್ರಕಟಣೆ 1959ರಲ್ಲಿ ಆರಂಭವಾಯಿತು. ಇದು ದೊಡ್ಡವರನ್ನು, ಅಂದರೆ ‘ಬಾಲಪ್ರಪಂಚ’ವನ್ನು ಓದುವ ವಯಸ್ಸು ದಾಟಿದವರನ್ನು, ಉದ್ದೇಶಿಸಿದ್ದು. ಈ ನಡುವಿನ ವರ್ಷಗಳಲ್ಲಿ ಅವರು ಯುರೋಪನ್ನು ಸುತ್ತಿ ಬಂದು ‘ಅಪೂರ್ವ ಪಶ್ಚಿಮ’ವನ್ನು ಬರೆದಿದ್ದರು, 1955ರಲ್ಲಿ ಮೈಸೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೂ ಹರ್ಷ ಪ್ರಕಟಣಾಲಯವನ್ನೂ ನಡೆಸಿದರು. ಬರೆದವರೇ ಅಚ್ಚು ಹಾಕಿಸಿ, ಮಾರಾಟದ ಹೊಣೆಯನ್ನೂ ಹೊತ್ತು, ಸಾಲದ ಚಿಂತೆಯನ್ನೂ ಹೊರುವ ಪರಿಸ್ಥಿತಿ ಅದು.

ಅವರ ಹಿರಿಯ ಮಗನ ಹೆಸರೂ ಹರ್ಷ. ಆತ 1961ರಲ್ಲಿ ತೀರಿಕೊಂಡ. ಆ ಪೆಟ್ಟಿನಿಂದ ಕುಟುಂಬ ಚೇತರಿಸಿಕೊಳ್ಳುವುದು ಸುಲಭವಾಗಿರಲಿಲ್ಲ. ಲೀಲಾ ಕಾರಂತರು ಕೊನೆಯ ವರ್ಷಗಳಲ್ಲಿ ಮಾನಸಿಕವಾಗಿ ಬಹಳ ಬಳಲಿ 1986ರಲ್ಲಿ ನಿಧನರಾದರು. ಕಾರಂತರು ಬರೆಯುವುದನ್ನು ನಿಲ್ಲಿಸಲಿಲ್ಲ. ಅಮೆರಿಕದ ವಿಜ್ಞಾನ ಲೇಖಕಿ ರೇಚಲ್ ಕಾರ್ಸನ್ನರ ಸಮುದ್ರ ಕುರಿತ ಪ್ರಸಿದ್ಧ ಗ್ರಂಥವನ್ನು ‘ನಮ್ಮ ಸುತ್ತಲಿನ ಕಡಲು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಕಡಲ ತಡಿಯ ಕೋಟದಲ್ಲಿ ಹುಟ್ಟಿದವರು ಆರಿಸಿಕೊಂಡ ಗ್ರಂಥವಿದು ಎಂಬುದು ಗಮನಾರ್ಹ. ಪ್ರಾಣಿಗಳು, ಆಕಾಶ, ಸಾಗರ ಇವುಗಳನ್ನು ಕುರಿತು ಕಿರಿಯರಿಗೂ ಸಾಮಾನ್ಯ ಓದುಗರಿಗೂ ಬೇರೆ ಬೇರೆ ಪುಸ್ತಕಗಳನ್ನು ಬರೆದರು. ಮಕ್ಕಳಿಗೆ ಕಥೆಗಳನ್ನೂ ನಾಟಕಗಳನ್ನೂ ಬರೆದಿದ್ದಾರಾದರೂ, ಕಥೆ ಬರೆಯುವವರು ಕನ್ನಡದಲ್ಲಿ ಇತರರೂ ಇದ್ದರು. ತಿಳಿವಳಿಕೆಯ ಪುಸ್ತಕದ ವಿಷಯದಲ್ಲಿ ಬಹುಕಾಲ ಅವರ ಜೊತೆಗಾರರು ವಿರಳ.

ಪ್ರಶಸ್ತಿ, ಪುರಸ್ಕಾರಗಳ ವಿವರ ಎಲ್ಲೆಡೆ ಲಭ್ಯವಿರುವುದರಿಂದ ಸಂಕ್ಷೇಪವಾಗಿ ಹೇಳಬಹುದು. ‘ಯಕ್ಷಗಾನ ಬಯಲಾಟ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, 1968ರಲ್ಲಿ ಪದ್ಮಭೂಷಣ, ‘ಮೂಕಜ್ಜಿಯ ಕನಸುಗಳು’ ಕೃತಿಗೆ 1977ರ ಜ್ಞಾನಪೀಠ. ಇವುಗಳಲ್ಲಿ ಪದ್ಮಭೂಷಣವನ್ನು ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಅವರು ಹಿಂದಿರುಗಿಸಿದರು. ಮಕ್ಕಳಿಗಾಗಿ ಬರೆದ ವಿಶ್ವಕೋಶಕ್ಕೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ. ಸಾಹಿತ್ಯ ಚರಿತ್ರೆಗಳಲ್ಲಿಯೂ ಅದಕ್ಕೆ ಸಿಗುವುದು ಸಾಮಾನ್ಯವಾಗಿ ಒಂದೆರಡು ಸಾಲು.

ಕೊನೆಯ ವರ್ಷಗಳು

1970ರ ದಶಕದಲ್ಲಿ ಕಾರಂತರು ಬಾಲವನವನ್ನು ಬಿಟ್ಟು ಹುಟ್ಟೂರಿಗೆ ಸಮೀಪದ ಸಾಲಿಗ್ರಾಮಕ್ಕೆ ಬಂದು ನೆಲೆಸಿದರು. ಗಿಡ, ಪ್ರಾಣಿ, ನದಿ, ಕಡಲುಗಳ ಬಗ್ಗೆ ಅರ್ಧ ಶತಮಾನ ಬರೆದವರಿಗೆ ಪರಿಸರದ ಪ್ರಶ್ನೆ ಪುಸ್ತಕದ ವಿಷಯವಾಗಿ ಮಾತ್ರ ಉಳಿಯಲಿಲ್ಲ. ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಹೋರಾಟಕ್ಕಿಳಿದರು. 1989ರಲ್ಲಿ, 87ನೆಯ ವಯಸ್ಸಿನಲ್ಲಿ, ಅದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಬಾಲವನದಲ್ಲಿ ಬೆಳೆದ ಅವರ ಮಗ ಉಲ್ಲಾಸ ಕಾರಂತರು ಹುಲಿಗಳ ಅಧ್ಯಯನದಿಂದ ಹೆಸರಾದ ವನ್ಯಜೀವಿ ವಿಜ್ಞಾನಿಯಾದರು.

1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಕಾರಂತರು ನಿಧನರಾದರು. ಆಗ ಅವರ ವಯಸ್ಸು 95. ಕೊನೆಗಾಲದಲ್ಲಿ ಅವರು ಬರೆದುದು ಹಕ್ಕಿಗಳನ್ನು ಕುರಿತ ಒಂದು ಪುಸ್ತಕ. ಜನ್ಮಶತಮಾನೋತ್ಸವದ ವರ್ಷವಾದ 2002ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿತು.

ಪರ್ಲಡ್ಕದ ಬಾಲವನವು ಸರ್ಕಾರದ ಅಧೀನಕ್ಕೆ ಬಂದಿದ್ದು, ಕಾರಂತರ ಸ್ಮಾರಕವಾಗಿ ಅದನ್ನು ಉಳಿಸಿಕೊಳ್ಳಲಾಗಿದೆ. ಪುತ್ತೂರಿಗೆ ಹೋಗುವವರು ಮಕ್ಕಳೊಡನೆ ಅಲ್ಲಿಗೆ ಭೇಟಿ ನೀಡಬಹುದು. ಗ್ರಂಥಾಲಯಗಳಲ್ಲಿ ಕಾರಂತರ ಈ ಕೃತಿಗಳನ್ನು ಕೇಳುವವರು ‘ಬಾಲಪ್ರಪಂಚ’ (ಮೂರು ಸಂಪುಟ) ಮತ್ತು ‘ವಿಜ್ಞಾನ ಪ್ರಪಂಚ’ (ನಾಲ್ಕು ಸಂಪುಟ) ಎರಡೂ ಬೇರೆ ಬೇರೆ ಕೃತಿಗಳೆಂಬುದನ್ನು ಗಮನಿಸಬೇಕಾಗಿ ಕೋರಲಾಗಿದೆ. ಹಳೆಯ ಮುದ್ರಣದ ಸಂಪುಟಗಳ ಕಾಗದವು ಮುರಿಯುವ ಸ್ಥಿತಿಯಲ್ಲಿರುವುದು ಸಾಮಾನ್ಯವಾದುದರಿಂದ, ಮಕ್ಕಳು ಅವುಗಳನ್ನು ನೋಡುವಾಗ ಪೋಷಕರು ಜೊತೆಯಲ್ಲಿದ್ದು ಪುಟಗಳನ್ನು ತಿರುವಿ ಕೊಡುವುದು ಸೂಕ್ತ.